ಸ್ಟ್ರಾಂಗ್, ಲಾಗರ್, ಗೋಧಿ ಬಿಯರ್: ಗ್ಲಾಸಲ್ಲೇ ಬೆರೆಸೋದಾದ್ರೆ ಅಳತೆ ಏನು?

ಕೌಲ್‌ಬಜಾರ್_ಕಟ್ಟೆ (ಬಳ್ಳಾರಿ):

ಗೊತ್ತಿದ್ದೋರು ಅಳತೆ ಸಮೇತ ಹೇಳ್ರಿ. ಫ್ರಿಜ್‌ನಾಗೆ ಇರೋದು ಇಷ್ಟು: 650 ಎಂಎಲ್ ಸ್ಟ್ರಾಂಗ್ ಎರಡು (ಲೇಬಲ್ ಮೇಲೆ "8% ಮೀರದಂತೆ"), 650 ಎಂಎಲ್ ಕಿಂಗ್‌ಫಿಶರ್ ಪ್ರೀಮಿಯಂ ಎರಡು (ಲಾಗರ್, 4.8%), 330 ಎಂಎಲ್ ಹೂಗಾರ್ಡನ್ ಮೂರು (ಗೋಧಿ ಬಿಯರ್, 4.9%), ಗಿನ್ನೆಸ್ ಡ್ರಾಫ್ಟ್ 440 ಎಂಎಲ್ ಕ್ಯಾನ್ ಒಂದು (ಸ್ಟೌಟ್ ಅನ್ನೋ ಕಪ್ಪು ಬಿಯರ್, 4.2%).

ಸ್ಟ್ರಾಂಗ್ ಕುಡಿದ್ರೆ ಪಾಕದಂಗೆ ಅಂಟು ಸಿಹಿ, ಗಂಟಲಲ್ಲಿ ಸಾರಾಯಿ ಕಾವು. ಲಾಗರ್ ನೀರು ನೀರು. ಹೂಗಾರ್ಡನ್ನು ಒಂದು ಗ್ಲಾಸ್ ಚಂದ, ಎರಡನೇದಕ್ಕೆ ಕೊತ್ತಂಬರಿ ಬೀಜದ ವಾಸನೆ ಸಾಕಾಗುತ್ತೆ. ಈ ಮೂರರ ನಡುವೆ ಏನಾದ್ರೂ ಬೇಕು. ಪಕ್ಕಕ್ಕೆ ಮಿರ್ಚಿ, ವಗ್ಗರಣಿ ಇರುತ್ತೆ ಅನ್ನೋದೂ ಲೆಕ್ಕಕ್ಕೆ ಇಟ್ಕೊಳ್ರಿ.

ಸ್ಟ್ರಾಂಗ್ 150, ಲಾಗರ್ 150 ಹಾಕಿದ್ರೆ ಮುಕ್ಕಾಲು ಗ್ಲಾಸ್ ಬರೀ ನೊರೆ. ನೊರೆ ಇಳಿದ ಮೇಲೆ ಸಪ್ಪೆ. ತಪ್ಪು ಅಳತೆದಾ, ಸುರಿಯೋದ್ರಲ್ಲಾ? ಇನ್ನೊಂದು, ಕೆಳಗೆ ಹಳದಿ ಮೇಲೆ ಕಪ್ಪು ನಿಲ್ಲಿಸ್ತಾರಲ್ಲ, ಅದು ಹೆಂಗೆ? ಬೇರೆ ಬೇರೆ ಬಿಯರ್ ಬೆರೆಸಿದ್ರೆ ನಶೆ ಜಾಸ್ತಿ ಅಂತಾರೆ, ಹೌದಾ?

ಎಡದಂಡೆ_ನಾಲೆ (ಸಿಂಧನೂರು, ರಾಯಚೂರು ಜಿಲ್ಲೆ):

ಅಳತೆ ಆಮೇಲೆ, ಮೊದಲು ನೊರೆ ವಿಷಯ. ನಿಮ್ಮ ಗ್ಲಾಸ್ ಕೆಟ್ಟಿದ್ದು ಅಲ್ಲೇ.

10 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 1.2 ಲೀಟರ್ ಕಾರ್ಬನ್ ಡೈಆಕ್ಸೈಡ್ ಹಿಡಿದಿಟ್ಕೊಳ್ಳುತ್ತೆ, 20 ಡಿಗ್ರಿಗೆ ಬಂದ್ರೆ 0.88 ಲೀಟರ್ ಅಷ್ಟೇ. ಬಾಟಲಿ ಬಿಯರ್‌ನಲ್ಲಿ ತುಂಬಿರೋದು ಲೀಟರಿಗೆ ಸುಮಾರು ಎರಡೂವರೆ ಲೀಟರ್. ಅಂದ್ರೆ ಮುಚ್ಚಳ ತೆಗೆದ ಕ್ಷಣದಿಂದ ಗ್ಯಾಸ್ ಹೊರಗೆ ಹೋಗೋಕೆ ನೆಪ ಹುಡುಕ್ತಿರುತ್ತೆ. ಒಂದು ಬಾಟಲಿ 5 ಡಿಗ್ರಿ, ಇನ್ನೊಂದು ಈಗ ತಾನೇ ಅಂಗಡಿಯಿಂದ ಬಂದು ಅರ್ಧ ತಣ್ಣಗಾಗಿ 18 ಡಿಗ್ರಿ ಇದ್ರೆ ತಣ್ಣನೆ ಬಿಯರ್ ಬಿಸಿಯಾಗುತ್ತೆ, ಬಿಸಿ ಬಿಯರ್ ಬುಸುಗುಡುತ್ತೆ. ಬೆರೆಸೋ ಎರಡೂ ಬಾಟಲಿ ಒಂದೇ ಫ್ರಿಜ್‌ನಲ್ಲಿ, ಒಂದೇ ಅರೆಯಲ್ಲಿ, ಕನಿಷ್ಠ ಐದಾರು ತಾಸು ನಿಲ್ಲಿಸಿದ್ದಿರಬೇಕು. ಬಾಗಿಲಿನ ಅರೆ ಬೇಡ, ಬಳ್ಳಾರಿ ಸೆಕೆಯಲ್ಲಿ ಬಾಗಿಲು ತೆಗೆದಾಗಲೆಲ್ಲ ಅಲ್ಲಿಯ ಬಾಟಲಿಯೇ ಮೊದಲು ಕಾಯೋದು.

ಅವಸರ ಇದ್ರೆ ಬಕೆಟ್‌ಗೆ ಐಸು, ಐಸ್ ಮುಳುಗೋಷ್ಟು ನೀರು, ಎರಡು ಹಿಡಿ ಕಲ್ಲುಪ್ಪು. ಬಾಟಲಿ ಕುತ್ತಿಗೆವರೆಗೂ ಮುಳುಗಿಸಿ ನಡುನಡುವೆ ತಿರುಗಿಸ್ತಾ ಇದ್ರೆ ಇಪ್ಪತ್ತು ನಿಮಿಷ ಸಾಕು. ಫ್ರೀಜರ್‌ನಲ್ಲಿಟ್ಟು ಮರೀಬೇಡಿ. 4.8% ಬಿಯರ್ ಸುಮಾರು ಮೈನಸ್ 2, ಮೈನಸ್ 3ಕ್ಕೇ ಗಟ್ಟಿಯಾಗೋಕೆ ಶುರು, ಗಾಜು ಸೀಳುತ್ತೆ. ಗ್ಲಾಸಿಗೇ ಐಸ್ ಹಾಕೋದು ನಮ್ಮ ಕಡೆ ಮಾಮೂಲಿ, ಆದ್ರೆ 300 ಎಂಎಲ್‌ಗೆ 40 ಗ್ರಾಂ ಐಸ್ ಕರಗಿದ್ರೆ ನೂರಕ್ಕೆ ಹದಿಮೂರು ಪಾಲು ನೀರು ಸುರಿದಂಗೆ. ಅಳೆದು ಬೆರೆಸಿದ್ದೆಲ್ಲ ನೀರುಪಾಲು.

ಗ್ಲಾಸಿನ ಒಳಗೋಡೆಯಲ್ಲಿ ಗೀರು, ಒರೆಸೋ ಬಟ್ಟೆಯ ನೂಲು, ಧೂಳು ಇದ್ರೆ ಅಲ್ಲಲ್ಲಿ ಗುಳ್ಳೆ ಹುಟ್ತವೆ. ಸೋಪಿನ ಜಿಡ್ಡು ಉಳಿದ್ರೆ ಉಲ್ಟಾ, ನೊರೆ ನಿಲ್ಲೋದೇ ಇಲ್ಲ. ಮಿರ್ಚಿ ತಿಂದ ಎಣ್ಣೆ ತುಟಿಯೂ ಅದೇ ಕೆಲಸ ಮಾಡುತ್ತೆ. ತೊಳೆದು, ತಲೆಕೆಳಗೆ ಆರಿಸಿ, ಸುರಿಯೋ ಮುಂಚೆ ತಣ್ಣೀರಲ್ಲಿ ಒಂದ್ಸಲ ಅದ್ದಿ ಝಾಡಿಸಿ. ಒಣ ಗ್ಲಾಸಿಗಿಂತ ಒದ್ದೆ ಗ್ಲಾಸಲ್ಲಿ ನೊರೆ ಹತೋಟಿಯಲ್ಲಿರುತ್ತೆ.

ಸುರಿಯೋ ಕ್ರಮ: ಗ್ಯಾಸ್ ಕಮ್ಮಿ ಇರೋದು ಮೊದಲು, ಜಾಸ್ತಿ ಇರೋದು ಕೊನೆಗೆ. ಸಾಮಾನ್ಯವಾಗಿ ಸ್ಟೌಟ್ ಮೊದಲು, ಆಮೇಲೆ ಲಾಗರ್ ಅಥವಾ ಸ್ಟ್ರಾಂಗ್, ಗೋಧಿ ಬಿಯರ್ ಕಟ್ಟಕಡೆಗೆ. ಮೊದಲನೇದನ್ನ ಗ್ಲಾಸ್ ವಾಲಿಸಿ ಗೋಡೆಗುಂಟ ಬಿಡಿ, ಅರ್ಧ ನಿಮಿಷ ತಡೀರಿ. ಮೊದಲಿನ ನೊರೆ ಇಳಿಯೋ ಮುಂಚೆ ಎರಡನೇದನ್ನ ನಡುವಿಗೆ ಸುರಿದ್ರೆ ಮುಕ್ಕಾಲು ಗ್ಲಾಸ್ ನೊರೆ ಆಗೋದು ಖಂಡಿತ. ಎರಡನೇದೂ ಗೋಡೆಗುಂಟವೇ, ಕೊನೆಯ ಎರಡು ಬೆರಳು ಮಾತ್ರ ನೇರ. ಚಮಚ ಹಾಕಿ ಕಲಕಬೇಡಿ, ಸುರಿಯೋ ಧಾರೆಯೇ ಬೆರೆಸುತ್ತೆ.

ಈಗ ಅಳತೆ. ಸ್ಟ್ರಾಂಗ್‌ಗೆ ಲಾಗರ್ ಬೆರೆಸಿದ್ರೆ ಹೊಸ ರುಚಿ ಹುಟ್ಟಲ್ಲ. ಸ್ಟ್ರಾಂಗ್ ಅನ್ನೋದೂ ಬಹುಮಟ್ಟಿಗೆ ಹೆಚ್ಚು ಸಕ್ಕರೆ ಅಂಶದಿಂದ ಹುಳಿಯಿಸಿದ ಲಾಗರೇ. ಒಂದೇ ಜಾತಿಯ ಎರಡು ಸೇರಿದ್ರೆ ಸಿಹಿಯೂ ಅರ್ಧ, ಕಾವೂ ಅರ್ಧ, ಅಷ್ಟೇ. ಸಿಹಿಯನ್ನ ಮುರೀಬೇಕಂದ್ರೆ ಅದಕ್ಕೆ ಎದುರಾಗೋದು ಏನಾದ್ರೂ ಬೇಕು: ಹುರಿದ ಮಾಲ್ಟಿನ (ಮೊಳಕೆ ಬರಿಸಿದ ಬಾರ್ಲಿಯ) ಕಹಿ (ಸ್ಟೌಟ್), ಹಾಪ್ಸ್ ಹೂವಿನ ಕಹಿ (ಐಪಿಎ ಅನ್ನೋ ಕಹಿ ಬಿಯರ್), ಇಲ್ಲಾಂದ್ರೆ ಕಿತ್ತಳೆ ಸಿಪ್ಪೆಯ ಹುಳಿಗಂಪು (ಹೂಗಾರ್ಡನ್ ತರದ ಬೆಲ್ಜಿಯನ್ ಗೋಧಿ ಬಿಯರ್).

ನಿಮ್ಮ ಹತ್ರ ಇರೋದ್ರಲ್ಲಿ ಮೊದಲು ಇವೆರಡು ನೋಡಿ. ಲಾಗರ್ 200, ಹೂಗಾರ್ಡನ್ 100. ಕೊತ್ತಂಬರಿ ಹಿಂದೆ ಸರಿದು ಬರೀ ಗಂಪು ಉಳಿಯುತ್ತೆ, ಗೋಧಿಯಿಂದ ಲಾಗರ್‌ಗೆ ಸ್ವಲ್ಪ ಮೈ ಬರುತ್ತೆ. ಮಿರ್ಚಿ ಜೊತೆಗೆ ಇದೇ ಸರಿ, ಯಾಕಂದ್ರೆ ಗ್ಯಾಸು, ಆಲ್ಕೋಹಾಲು, ಕಹಿ ಮೂರೂ ಖಾರವನ್ನ ಕೆರಳಿಸ್ತವೆ. ಇದ್ರಲ್ಲಿ ಕಹಿ, ಕಾವು ಎರಡೂ ಕಮ್ಮಿ. ಇನ್ನೊಂದು, ಸ್ಟ್ರಾಂಗ್ 200, ಗಿನ್ನೆಸ್ 100. ಪಾಕದ ಸಿಹಿಗೆ ಹುರಿದ ಕಹಿ ಕಡಿವಾಣ ಹಾಕುತ್ತೆ, ಬಣ್ಣ ಹಾಲಿಲ್ಲದ ಕಡಕ್ ಚಹಾದ್ದು. ಇದನ್ನ ಖಾರದ ಜೊತೆ ಬೇಡ, ಹುರಿದ ಶೇಂಗಾ ಜೊತೆ ಕುಡೀರಿ.

ಬಣ್ಣ ನೋಡಿ ಅಳತೆ ಹಿಡಿಯೋಕೆ ಹೋಗಬೇಡಿ. ಕಪ್ಪು ಬಿಯರ್ ಹತ್ತರಲ್ಲಿ ಒಂದು ಪಾಲು ಇದ್ರೂ ಲಾಗರ್ ಕೆಂಪುಹಳದಿಗೆ ತಿರುಗುತ್ತೆ, ರುಚಿಯಲ್ಲಿ ಮಾತ್ರ ಏನೂ ಗೊತ್ತಾಗಲ್ಲ. ನಾಲ್ಕರಲ್ಲೊಂದು ಪಾಲಿಗೆ ಬಂದಾಗಲೇ ನಾಲಿಗೆಗೆ ಸಿಗೋದು.

ಇಡೀ ಗ್ಲಾಸ್ ಹಾಕಿ ಪ್ರಯೋಗ ಮಾಡಬೇಡಿ. 30/60 ಎಂಎಲ್ ಪೆಗ್ ಮೆಜರ್ ತಗೊಂಡು ಮೂರು ಸಣ್ಣ ಲೋಟದಲ್ಲಿ 60+30, 45+45, 30+60 ಮಾಡಿಟ್ಟು, ಮಿರ್ಚಿಗೆ ಕೈ ಹಾಕೋ ಮುಂಚೆ ರುಚಿ ನೋಡಿ. ಒಂದು ಗುಟುಕು ತಣ್ಣಗಿದ್ದಾಗ, ಇನ್ನೊಂದು ಹತ್ತು ನಿಮಿಷ ಬಿಟ್ಟು. ತೀರಾ ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಸಿಗಲ್ಲ, ಬಿಸಿಯಾದಂತೆ ಮೇಲೇಳುತ್ತೆ. 4 ಡಿಗ್ರಿಯಲ್ಲಿ ಒಪ್ಪಿದ ಅಳತೆ 14 ಡಿಗ್ರಿಯಲ್ಲಿ ಪಾಕ ಅನಿಸ್ಬಹುದು. ಅದಕ್ಕೇ ಒಂದು ಸಲಕ್ಕೆ, ಬಿಸಿಯಾಗೋ ಮುಂಚೆ ಮುಗಿಯೋಷ್ಟೇ ಬೆರೆಸಿ.

ಗಂಗಾವತಿ_ಸೋನಾ (ಕೊಪ್ಪಳ ಜಿಲ್ಲೆ):

ನಶೆ ಲೆಕ್ಕ ನಾ ಹೇಳ್ತೀನ್ರಿ. ಬೆರೆಸಿದ್ದಕ್ಕ ಜಾಸ್ತಿ ಏರ್ತೈತಿ ಅನ್ನೋದು ಸುಳ್ಳು. ಹೊಟ್ಟಿಗೆ ಹೋದ ಆಲ್ಕೋಹಾಲ್ ಎಷ್ಟು ಅನ್ನೋದಷ್ಟ ಲೆಕ್ಕ. ಪ್ರತಿ ಬಿಯರಿನ ಎಂಎಲ್‌ನ ಅದರ ಪರ್ಸೆಂಟಿಂದ ಗುಣಿಸ್ರಿ, ಎಲ್ಲಾ ಕೂಡಿಸ್ರಿ, ಒಟ್ಟು ಎಂಎಲ್‌ನಿಂದ ಭಾಗಿಸ್ರಿ. ಮ್ಯಾಲೆ ಹೇಳಿದ ಸ್ಟ್ರಾಂಗ್ 200 + ಗಿನ್ನೆಸ್ 100 ಅಂದ್ರ 1600 + 420 = 2020, ಅದನ್ನ 300ರಿಂದ ಭಾಗಿಸಿದ್ರ 6.7%. ಲಾಗರ್-ಹೂಗಾರ್ಡನ್ ಗ್ಲಾಸು 4.8%ರ ಆಸುಪಾಸು.

ಜನ ಮೋಸ ಹೋಗೋದು ಎಲ್ಲಿ ಅಂದ್ರ, ಬೆರೆಸಿದ್ದು ಕುಡಿಯಾಕ ಹಗುರ ಅನಸ್ತೈತಿ, ಆದ್ರ ಹಗುರ ಇರಂಗಿಲ್ಲ. 650 ಎಂಎಲ್ ಸ್ಟ್ರಾಂಗ್ 8% ಅಂತ ಹಿಡಿದ್ರ ಒಳಗ 52 ಎಂಎಲ್ ಶುದ್ಧ ಆಲ್ಕೋಹಾಲ್ ಐತಿ. 42.8%ದ ವಿಸ್ಕಿ 60 ಎಂಎಲ್ ಪೆಗ್ಗಿನ್ಯಾಗ 25.7. ಅಂದ್ರ ಒಂದು ಸ್ಟ್ರಾಂಗ್ ಬಾಟ್ಲಿ ಎರಡು ಲಾರ್ಜಿಗೆ ಸಮ. ಅದಕ್ಕ ಲಾಗರ್ ಕೂಡಿಸಿದ್ರ ಕೂಡತೈತಿ ಹೊರ್ತು ಕಳಿಯಂಗಿಲ್ಲ. "ಮೀರದಂತೆ" ಅಂತ ಬರದಿರೋದು ಮ್ಯಾಲಿನ ಮಿತಿ, ಒಳಗ ಒಂಚೂರು ಕಮ್ಮಿ ಇರಬೌದು; ಲೆಕ್ಕ ಮಾತ್ರ 8ಕ್ಕ ಹಿಡೀರಿ. ಗಾಡಿ ಕೀಲಿ ಬ್ಯಾರೆದವರ ಕೈಗೆ ಕೊಟ್ಟ ಮ್ಯಾಲೇ ಮುಚ್ಚಳ ತಗೀರಿ.

ಶುದ್ಧಮಾಲ್ಟ್ (ರಾಯಚೂರು):

ಬ್ರೂವರಿಯವರು ತಿಂಗಳುಗಟ್ಟಲೆ ಕೂತು ಹದ ಮಾಡಿದ್ದನ್ನ ಬೆರೆಸಿ ಹಾಳು ಮಾಡೋದ್ಯಾಕೆ? ಇಷ್ಟ ಆಗೋ ಬಿಯರ್ ಹುಡುಕಿ ಕುಡಿಯಿರಿ.

ಎಡದಂಡೆ_ನಾಲೆ:

ಬೆರೆಸೋದು ಬ್ರೂವರಿಯವರದ್ದೇ ಕೆಲಸ, ಸರ್. ಬ್ರಸೆಲ್ಸ್ ಸುತ್ತಿನ ಗೂಜ್ ಅನ್ನೋ ಬಿಯರ್ ಇರೋದೇ ಹಂಗೆ: ಒಂದು, ಎರಡು, ಮೂರು ವರ್ಷ ಮರದ ಪೀಪಾಯಿಯಲ್ಲಿ ಮಾಗಿದ ಲ್ಯಾಂಬಿಕ್ ಅನ್ನೋ ಹುಳಿ ಬಿಯರ್‌ಗಳನ್ನ ಬೆರೆಸಿ ಬಾಟಲಿಗೆ ತುಂಬ್ತಾರೆ. ಎಳೇದ್ರಲ್ಲಿ ಉಳಿದ ಸಕ್ಕರೆ ಬಾಟಲಿಯಲ್ಲಿ ಗ್ಯಾಸ್ ಕೊಡುತ್ತೆ, ಹಳೇದು ಹುಳಿ ಕೊಡುತ್ತೆ. ರೋಡನ್‌ಬಾಖ್ ಗ್ರಾಂಡ್ ಕ್ರೂ ಅನ್ನೋ ಬೆಲ್ಜಿಯನ್ ಬಿಯರ್ ಕೂಡ ಮೂರರಲ್ಲಿ ಎರಡು ಪಾಲು ಹಳೇದು, ಒಂದು ಪಾಲು ಹೊಸದು. ಲಂಡನ್‌ನಲ್ಲಿ 18ನೇ ಶತಮಾನದಲ್ಲೇ ಏಲ್ ಬಿಯರ್ ಅರ್ಧ, ಪೋರ್ಟರ್ ಅನ್ನೋ ಕಪ್ಪು ಬಿಯರ್ ಅರ್ಧ ಸುರಿದು "ಹಾಫ್ ಅಂಡ್ ಹಾಫ್" ಅಂತ ಮಾರ್ತಿದ್ರು. ದೊಡ್ಡ ಕಾರ್ಖಾನೆ ಲಾಗರ್‌ಗಳನ್ನ ಗಟ್ಟಿಯಾಗಿ ಹುಳಿಯಿಸಿ ಆಮೇಲೆ ಗಾಳಿ ತೆಗೆದ ನೀರು ಸೇರಿಸಿ ಹದಕ್ಕೆ ತರೋದು ಮಾಮೂಲಿ ಪದ್ಧತಿ.

ಒಂದು ಮಾತು ಮಾತ್ರ ನಿಮ್ಮದು ಸರಿ. ಕೆಟ್ಟ ಬಿಯರನ್ನ ಬೆರೆಸಿ ಸರಿ ಮಾಡೋಕಾಗಲ್ಲ. ಬಿಸಿಲಲ್ಲಿ ನಿಂತ ಲಾರಿ, ತಗಡಿನ ಗೋದಾಮು, 40 ಡಿಗ್ರಿ ದಾಟಿದ ಬೇಸಿಗೆ ಎಲ್ಲ ದಾಟಿ ಬಂದ ಬಾಟಲಿಯಲ್ಲಿ ಒದ್ದೆ ರಟ್ಟಿನ ವಾಸನೆ ಬಂದಿದ್ರೆ ನಾಲ್ಕರಲ್ಲಿ ಒಂದು ಪಾಲಿದ್ರೂ ಮೂಗಿಗೆ ಬಡಿಯುತ್ತೆ. ಹಸಿರು ಬಾಟಲಿಗೆ ಬಿಸಿಲು ಬಿದ್ರೆ ಹಾಪ್ಸ್ ಕಹಿ ಒಡೆದು ಗಬ್ಬು ನಾತ ಬರುತ್ತೆ, ಅದಕ್ಕೆ ನಿಮಿಷಗಳೇ ಸಾಕು. ಕಂದು ಬಾಟಲಿ ಬಹಳ ಮಟ್ಟಿಗೆ ತಡೆಯುತ್ತೆ, ಕ್ಯಾನಿಗೆ ಆ ಚಿಂತೆಯೇ ಇಲ್ಲ. ತಯಾರಾದ ತಾರೀಕು ನೋಡಿ, ಮೂರು ತಿಂಗಳ ಒಳಗಿನದ್ದನ್ನೇ ಕೇಳಿ ತಗೊಳ್ಳಿ. ಬೆರೆಸೋ ಮುಂಚೆ ಎರಡನ್ನೂ ಬೇರೆ ಬೇರೆ ಮೂಸಿ ನೋಡಿ.

ಗವಿಮಠ_ರಸ್ತೆ (ಕೊಪ್ಪಳ):

ಕಪ್ಪು-ಹಳದಿ ಪದರದ ಪ್ರಶ್ನೆಗೆ. ಅದು ಕೈಚಳಕಕ್ಕಿಂತ ಹೆಚ್ಚಾಗಿ ಸಾಂದ್ರತೆಯ ಆಟ. ಗಿನ್ನೆಸ್ ನೋಡೋಕೆ ಕಪ್ಪು, ದಪ್ಪ ಅನಿಸುತ್ತೆ, ಆದರೆ ಇಂಗ್ಲಿಷರ ತಿಳಿಬಣ್ಣದ ಬಿಯರ್ ಪೇಲ್ ಏಲ್‌ಗಿಂತ ಹಗುರ. ಹಾಗಾಗಿ ಅಲ್ಲಿ ಪೇಲ್ ಏಲ್ ಕೆಳಗೆ, ಗಿನ್ನೆಸ್ ಮೇಲೆ ನಿಲ್ಲುತ್ತೆ. ನಮ್ಮ ಲಾಗರ್‌ನಲ್ಲಿ ಸಕ್ಕರೆ ಪೂರ್ತಿ ಹುಳಿದು ಹೋಗಿ ಅದೂ ಹಗುರವಾಗಿದ್ದರೆ ಏನು ಮಾಡಿದರೂ ಪದರ ನಿಲ್ಲಲ್ಲ. ಕ್ಯಾನ್ ಪೂರ್ತಿ ಸುರಿದು ನಿರಾಶರಾಗೋದಕ್ಕಿಂತ ಮೊದಲು ಪರೀಕ್ಷೆ ಮಾಡಿ.

ಎರಡನ್ನೂ 50-50 ಎಂಎಲ್ ತೆಗೆದು, ಚಹಾ ಆರಿಸೋ ಹಾಗೆ ಲೋಟದಿಂದ ಲೋಟಕ್ಕೆ ಹತ್ತು ಹನ್ನೆರಡು ಸಲ ಎತ್ತಿ ಹಾಕಿ ಗ್ಯಾಸ್ ಕಳೆಯಿರಿ. ಹತ್ತು ನಿಮಿಷ ಅಲುಗಿಸದೆ ಬಿಡಿ. ಸ್ಟ್ರಾದಲ್ಲಿ ಸ್ವಲ್ಪ ಸ್ಟೌಟ್ ತುಂಬಿ ಮೇಲೆ ಬೆರಳೊತ್ತಿ, ತುದಿಯನ್ನ ಲಾಗರ್‌ನ ನಡುಮಟ್ಟಕ್ಕೆ ಇಳಿಸಿ ಬೆರಳು ಸಡಿಲಿಸಿ. ಕಪ್ಪು ಎಳೆ ಮೇಲಕ್ಕೆ ಹೋದರೆ ಸ್ಟೌಟ್ ಮೇಲೆ ನಿಲ್ಲುತ್ತೆ. ಕೆಳಕ್ಕೆ ಇಳಿದರೆ ಸ್ಟೌಟನ್ನೇ ಕೆಳಗೆ ಹಾಕಿ ಲಾಗರ್ ಮೇಲೆ ಬಿಡಬೇಕು. ಅಲ್ಲೇ ಮೋಡದ ಹಾಗೆ ಹರಡಿದರೆ ಆ ಜೋಡಿಗೆ ಪದರ ಇಲ್ಲ. ಸ್ಟ್ರಾಂಗ್ ಬಗ್ಗೆಯೂ ಊಹೆ ಬೇಡ, ಹೆಚ್ಚು ಆಲ್ಕೋಹಾಲ್ ಹಗುರ ಮಾಡುತ್ತೆ, ಉಳಿದ ಸಕ್ಕರೆ ಭಾರ ಮಾಡುತ್ತೆ, ಯಾವುದು ಗೆದ್ದಿದೆ ಅಂತ ಸ್ಟ್ರಾ ಹೇಳುತ್ತೆ. ಈ ಪರೀಕ್ಷೆಯಲ್ಲಿ ಎರಡರ ತಾಪ ಒಂದೇ ಇರಲಿ.

ಸುರಿಯೋದು ಹೀಗೆ. ಕೆಳಗಿನದ್ದನ್ನ ಅರ್ಧ ಗ್ಲಾಸ್‌ವರೆಗೆ, ಕೊನೆಗೆ ಬೇಕಂತಲೇ ನೇರ ಸುರಿದು ಒಂದು ಬೆರಳಷ್ಟು ನೊರೆ ಎಬ್ಬಿಸಿ. ಆ ನೊರೆಯೇ ಮೇಲಿನದ್ದಕ್ಕೆ ಹಾಸಿಗೆ. ಅರ್ಧ ನಿಮಿಷ ನಿಲ್ಲಿ. ಊಟದ ಚಮಚ ಬೋರಲು ಹಿಡಿದು ತುದಿಯನ್ನ ಗ್ಲಾಸಿನ ಒಳಗೋಡೆಗೆ ತಾಗಿಸಿ, ನೊರೆಗಿಂತ ಸ್ವಲ್ಪ ಮೇಲೆ. ಚಮಚದ ಬೆನ್ನ ಮೇಲೆ ತೆಳ್ಳಗೆ, ಎಣ್ಣೆ ಬಿಟ್ಟ ಹಾಗೆ ಬಿಡಿ. ಗಿನ್ನೆಸ್ ಡ್ರಾಫ್ಟ್ ಕ್ಯಾನಿನೊಳಗೆ ನೈಟ್ರೋಜನ್ ಬಿಡೋ ಪ್ಲಾಸ್ಟಿಕ್ ಗುಂಡು ಇರುತ್ತೆ. ಕ್ಯಾನ್ ಸರಿಯಾಗಿ ತಣ್ಣಗಾಗಿರದಿದ್ದರೆ ಮುಚ್ಚಳ ಎಳೆದ ತಕ್ಷಣ ಉಕ್ಕಿ ಕೈಮೇಲೆ. ತೆಗೆದ ಕೂಡಲೇ ಒಂದು ಜಗ್ಗಿಗೆ ಸುರಿದು, ಕುದಿಯೋ ಹಾಗೆ ಕಾಣೋದು ನಿಂತ ಮೇಲೆ ಜಗ್ಗಿನಿಂದ ಚಮಚಕ್ಕೆ ಬಿಟ್ಟರೆ ಧಾರೆ ಹತೋಟಿಗೆ ಸಿಗುತ್ತೆ. ಬಾಟಲಿಯಲ್ಲಿ ಬರೋ ಮಾಮೂಲಿ ಗ್ಯಾಸಿನ ಸ್ಟೌಟ್‌ನಲ್ಲಿ ಗುಳ್ಳೆ ದೊಡ್ಡವು, ಮೇಲೇಳ್ತಾ ಎರಡನ್ನೂ ಕಲಕಿಬಿಡುತ್ತವೆ. ಗೆರೆ ಅಷ್ಟು ಚೊಕ್ಕ ಬರಲ್ಲ.

ಅಮೆರಿಕದ ಬಾರುಗಳಲ್ಲಿ ಇದರ ಹೆಸರು "ಬ್ಲ್ಯಾಕ್ ಅಂಡ್ ಟ್ಯಾನ್". ಐರ್ಲೆಂಡಿನಲ್ಲಿ ಆ ಹೆಸರು ಹೇಳಿ ಕೇಳಬಾರದು, 1920ರಲ್ಲಿ ಅಲ್ಲಿಗೆ ಕಳಿಸಿದ ಬ್ರಿಟಿಷ್ ಪೊಲೀಸ್ ಪಡೆಯನ್ನ ಜನ ಹಾಗೇ ಕರೆಯುತ್ತಿದ್ದರು, ಆ ನೋವು ಇನ್ನೂ ಇದೆ.

ರುಚಿ ದೃಷ್ಟಿಯಿಂದ ನನ್ನ ಅಭಿಪ್ರಾಯ ಕೇಳಿದರೆ, ಪದರ ಫೋಟೋಗಷ್ಟೇ. ಮೊದಲು ಬರೀ ಸ್ಟೌಟ್, ಆಮೇಲೆ ಬರೀ ಲಾಗರ್ ಬಾಯಿಗೆ ಬರುತ್ತೆ. ಎರಡು ಗ್ಲಾಸ್ ಇಟ್ಟುಕೊಂಡು ಕುಡಿದ ಹಾಗೇ ಆಯಿತಲ್ಲ.

ಕೌಲ್‌ಬಜಾರ್_ಕಟ್ಟೆ:

ಸ್ಟ್ರಾ ಪರೀಕ್ಷೆ ಒಪ್ಪಿಗೆ ಆಯ್ತು ಸರ್. ಇರೋದು ಒಂದೇ ಕ್ಯಾನು, ಮತ್ತೆ ಸ್ಟೌಟ್ ಬೇಕಂದ್ರೆ ಬೆಂಗಳೂರಿಂದ ಬರೋರಿಗೆ ಹೇಳ್ಬೇಕು. ಅದರ ಬದಲು ಲಾಗರ್‌ಗೆ ಕಾಫಿ ಡಿಕಾಕ್ಷನ್ ಹಾಕಿದ್ರೆ ನಡೆಯುತ್ತಾ? ಮಧ್ಯಾಹ್ನಕ್ಕೆ ಹಗುರ ಬೇಕಾದ್ರೆ ಗೋಲಿ ಸೋಡಾ ಬೆರೆಸಬಹುದಾ?

ಎಡದಂಡೆ_ನಾಲೆ:

ಕಾಫಿ ನಡೆಯುತ್ತೆ, ಫಿಲ್ಟರ್ ಡಿಕಾಕ್ಷನ್ ನಡೆಯಲ್ಲ. ಬಿಸಿ ನೀರಲ್ಲಿ ಇಳಿಸಿದ ಡಿಕಾಕ್ಷನ್‌ನಲ್ಲಿ ಎಣ್ಣೆ ಅಂಶ, ಒಗರು ಜಾಸ್ತಿ, ನೊರೆ ಸಾಯಿಸುತ್ತೆ. ಚಿಕೋರಿ ಇದ್ರಂತೂ ಸುಟ್ಟ ಬೆಲ್ಲದ ಕಹಿ ಬಿಯರ್ ಮೇಲೆ ಕೂತುಬಿಡುತ್ತೆ. ಚಿಕೋರಿ ಇಲ್ಲದ ಪುಡಿ 20 ಗ್ರಾಂ, ಸ್ವಲ್ಪ ತರಿಯಾಗಿ ಬೀಸಿದ್ದು, 200 ಎಂಎಲ್ ತಣ್ಣೀರಲ್ಲಿ ನೆನೆಹಾಕಿ ಫ್ರಿಜ್‌ನಲ್ಲಿ ಹನ್ನೆರಡು ತಾಸು ಇಡಿ. ತೆಳು ಬಟ್ಟೆ ಎರಡು ಮಡಿಕೆ ಮಾಡಿ ಸೋಸಿ, ಹಿಂಡಬೇಡಿ. ಹಿಂಡಿದ್ರೆ ಸಣ್ಣ ಪುಡಿ ಇಳಿದು ಅದೇ ನೊರೆ ಉಕ್ಕಿಸುತ್ತೆ. 300 ಎಂಎಲ್ ಲಾಗರ್‌ಗೆ 10ರಿಂದ 15 ಎಂಎಲ್ ಸಾಕು, ಗ್ಲಾಸಿನ ತಳಕ್ಕೆ ಮೊದಲು ಅದು, ಮೇಲೆ ಲಾಗರ್. 25 ದಾಟಿದ್ರೆ ತಣ್ಣಗಾದ ಕಾಫಿಗೆ ಸೋಡಾ ಹಾಕಿದಂಗೆ. ಸ್ಟೌಟಿನ ಮೈ ಇದ್ರಿಂದ ಬರಲ್ಲ, ಹುರಿದ ಗಂಪು ಮಾತ್ರ. ಕೆಫೀನ್ ಇರೋದ್ರಿಂದ ಮಂಪರು ಗೊತ್ತಾಗಲ್ಲ, ನಶೆ ಇದ್ದಷ್ಟೇ ಇರುತ್ತೆ.

ಗಂಗಾವತಿ_ಸೋನಾ:

ಗೋಲಿ ಸೋಡಾ ಚೊಲೋ ಆಗತೈತಿ. ಇಂಗ್ಲೆಂಡಿನ್ಯಾಗ ಶ್ಯಾಂಡಿ, ಜರ್ಮನ್ಯಾಗ ರಾಡ್ಲರ್ ಅಂತಾರಲ್ಲ, ಅದರ ತಮ್ಮ. ಸಾದಾ ಸೋಡಾ ತಗೋರಿ, ಉಪ್ಪು ಮಸಾಲಿದು ಬ್ಯಾಡ. ಗ್ಲಾಸಿಗೆ ಮೊದ್ಲ ಅರ್ಧ ನಿಂಬೆಹಣ್ಣಿನ ರಸ (ಸೋಸಿದ್ದು, 10 ಎಂಎಲ್ ಆಗತೈತಿ), ಸಕ್ಕರಿ ಪಾಕ 15 ಎಂಎಲ್, ಮ್ಯಾಲೆ ತಣ್ಣಂದು ಸೋಡಾ 125, ಕಡೀಕ ಲಾಗರ್ 150. ಒಟ್ಟು 300ಕ್ಕ 2.4%. ಸಕ್ಕರಿ ಹಳ್ಳು, ಉಪ್ಪಿನ ಹಳ್ಳು ಬಿಯರಿಗೆ ಹಾಕಿದ್ರ ಒಂದೊಂದು ಹಳ್ಳೂ ಗುಳ್ಳಿ ಹುಟ್ಟೋ ಜಾಗ ಆಗಿ ಗ್ಲಾಸ್ ಉಕ್ಕತೈತಿ. ಅದಕ್ಕ ಪಾಕ, ಸಕ್ಕರಿ-ನೀರು ಸಮ ಸಮ. ನಿಂಬಿ ತಿರುಳು, ಬೀಜ ಬಿದ್ರೂ ಅದ ಹಣೇಬರ. ಸ್ಟ್ರಾಂಗಿಗೆ ಈ ಕೆಲಸ ಮಾಡಬ್ಯಾಡ್ರಿ, ಸಿಹಿ ಮ್ಯಾಲೆ ಸಿಹಿ ಆಗಿ ಜ್ವರದ ಔಷಧ ಕುಡಿದಂಗ ಆಗತೈತಿ.

ಕೌಲ್‌ಬಜಾರ್_ಕಟ್ಟೆ:

ಭಾನುವಾರಕ್ಕೆ ಲಾಗರ್-ಹೂಗಾರ್ಡನ್ ಎರಡಕ್ಕೊಂದು. ನಾವು ಮೂರು ಜನ. 650 ಬಾಟಲಿ ತೆಗೆದ ಮೇಲೆ ಅರ್ಧ ಉಳಿದ್ರೆ ಏನು ಮಾಡೋದು? ಮುಂಚೆಯೇ ಜಗ್ಗಲ್ಲಿ ಬೆರೆಸಿ ಫ್ರಿಜ್‌ಗೆ ಇಟ್ರೆ?

ಎಡದಂಡೆ_ನಾಲೆ:

ಜಗ್ಗಲ್ಲಿ ಬೆರೆಸಿಡಬೇಡಿ, ಸುರಿಯುವಾಗ ಒಂದ್ಸಲ ಗ್ಯಾಸ್ ಹೋಗುತ್ತೆ, ಗ್ಲಾಸಿಗೆ ಹಾಕುವಾಗ ಇನ್ನೊಂದ್ಸಲ. ಅರ್ಧ ಬಾಟಲಿಗೆ ಬಿಗಿ ಬಿರಡೆ ಹಾಕಿ ನಿಲ್ಲಿಸಿಟ್ರೆ ಅವತ್ತು ರಾತ್ರಿಗೆ ಪರವಾಗಿಲ್ಲ, ಮಾರನೇ ದಿನಕ್ಕೆ ಸಪ್ಪೆ.

ಆದ್ರೆ ನಿಮ್ಮ ಅಳತೆಯಲ್ಲಿ ಏನೂ ಉಳಿಯಲ್ಲ. 650ರ ಲಾಗರ್ ಒಂದು, 330ರ ಹೂಗಾರ್ಡನ್ ಒಂದು ಅಂದ್ರೆ ಎರಡಕ್ಕೊಂದು ತಾನಾಗೇ ಆಯ್ತು. ಮೂರು ಗ್ಲಾಸಿಗೂ ಲಾಗರ್ 215ರಂತೆ ಮೊದಲು ಹಂಚಿ. ಹೂಗಾರ್ಡನ್ ತಳದಲ್ಲಿ ಯೀಸ್ಟ್ ಮಡ್ಡಿ ಇರುತ್ತೆ, ಹಂಗೇ ಹಂಚಿದ್ರೆ ಮೊದಲ ಗ್ಲಾಸ್ ತಿಳಿ, ಕೊನೆಯವನಿಗೆ ಮಡ್ಡಿ. ಬಾಟಲಿಯನ್ನ ಮೇಜಿನ ಮೇಲೆ ಅಡ್ಡ ಮಲಗಿಸಿ ನಿಧಾನಕ್ಕೆ ಎರಡು ಸುತ್ತು ಉರುಳಿಸಿ, ನಿಲ್ಲಿಸಿ ಒಂದು ನಿಮಿಷ ಬಿಟ್ಟು ಮುಚ್ಚಳ ತೆಗೆದು, 110 110 110.